ಹೆಸರು ಹೇಳದೆ ಹೆಸರು ಮಾಡುವುದು: ಆನ್‌ಲೈನ್ ಹವ್ಯಾಸಿ ಗುಂಪುಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಆನ್‌ಲೈನ್‌ನಲ್ಲಿ ಹವ್ಯಾಸದ ಗುಂಪೊಂದಕ್ಕೆ ಸೇರುವಾಗ ನಮಗೆ ಎರಡು ಆಸೆಗಳಿರುತ್ತವೆ. ನಾನು ಯಾರು ಅಂತ ಯಾರಿಗೂ ಗೊತ್ತಾಗಬಾರದು. ಆದರೆ ನಾನು ಹೇಳಿದ್ದನ್ನು ಎಲ್ಲರೂ ನಂಬಬೇಕು. ಹಕ್ಕಿ ನೋಡುವವರು, ಹಳೇ ನಾಣ್ಯ ಕೂಡಿಡುವವರು, ಗೇಮ್ ಆಡುವವರು, ಕೀಬೋರ್ಡ್ ಜೋಡಿಸುವವರು, ಎಲ್ಲರದ್ದೂ ಇದೇ ಕಥೆ. ಮುಖ ತೋರಿಸದವನ ಮಾತನ್ನು ಯಾರು ನಂಬುತ್ತಾರೆ ಅನ್ನಿಸುತ್ತದೆ, ಅಲ್ವಾ?

ನಂಬುತ್ತಾರೆ, ಆದರೆ ಒಂದು ಷರತ್ತಿದೆ. ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ವಿಲಿಯಂ ಗಾಸೆಟ್ ಎಂಬ ನೌಕರರಿದ್ದರು. ನೌಕರರು ತಮ್ಮ ಸ್ವಂತ ಹೆಸರಲ್ಲಿ ಸಂಶೋಧನೆ ಪ್ರಕಟಿಸಲು ಕಂಪನಿ ಬಿಡುತ್ತಿರಲಿಲ್ಲ. ಹಾಗಾಗಿ 1908ರಲ್ಲಿ ಅವರು 'ಸ್ಟೂಡೆಂಟ್' ಎಂಬ ಹೆಸರಲ್ಲಿ ಸಂಖ್ಯಾಶಾಸ್ತ್ರದ ಲೇಖನ ಬರೆದರು. ಮುಂದೆಯೂ ಅದೇ ಹೆಸರಲ್ಲಿ ಬರೆಯುತ್ತಾ ಹೋದರು. ಅವರ ಲೆಕ್ಕವನ್ನು ಇವತ್ತಿಗೂ 'ಸ್ಟೂಡೆಂಟ್ ಟಿ ಪರೀಕ್ಷೆ' ಅಂತಲೇ ಕಲಿಸುತ್ತಾರೆ. ಓದುವವರಿಗೆ ಅವರ ಮನೆ, ಮುಖ ಏನೂ ಬೇಕಿರಲಿಲ್ಲ. ಅದೇ ಹೆಸರಿನಿಂದ ಮತ್ತೆ ಮತ್ತೆ ಒಳ್ಳೆಯ ಕೆಲಸ ಬರುತ್ತಿತ್ತು. ಅಷ್ಟು ಸಾಕಾಯಿತು.

ಷರತ್ತು ಅದೇ. ಹೆಸರು ಸುಳ್ಳಾದರೂ ನಡೆಯುತ್ತದೆ, ಆದರೆ ಒಂದೇ ಇರಬೇಕು, ಬಹಳ ಕಾಲ ಇರಬೇಕು. ವಾರಕ್ಕೊಂದು ಫೇಕ್ ಐಡಿ ಮಾಡಿಕೊಂಡು ಓಡಾಡುವವರಿಗೆ ಈ ಮಾರ್ಗದರ್ಶಿ ಬೇಕಿಲ್ಲ. ಒಂದು ಅಡ್ಡಹೆಸರನ್ನು ವರ್ಷಗಟ್ಟಲೆ ಸಾಕಿ ಬೆಳೆಸಬೇಕು, ಅದಕ್ಕೂ ನಿಜವಾದ ಹೆಸರಿಗೂ ನಡುವೆ ಗೋಡೆ ಉಳಿಯಬೇಕು ಅನ್ನುವವರಿಗೆ ಇದು.

ಹೆಜ್ಜೆ 1: ಯಾರಿಂದ ಮರೆಯಾಗಬೇಕು?

"ಎಲ್ಲರಿಂದಲೂ" ಅಂದರೆ ಅದು ಉತ್ತರವೇ ಅಲ್ಲ. ನಿಮ್ಮ ಗೇಮಿಂಗ್ ಹುಚ್ಚು ಆಫೀಸಿನವರಿಗೆ ತಿಳಿಯಬಾರದು ಅಂತಿದ್ದರೆ, ನಿಮ್ಮ ಹೆಸರು ಹುಡುಕಿದವರಿಗೆ ಆ ಐಡಿ ಸಿಗದಿದ್ದರೆ ಸಾಕು. ದುಬಾರಿ ಗಡಿಯಾರ, ಲೆನ್ಸ್, ನಾಣ್ಯ ಇಟ್ಟುಕೊಂಡವರಿಗೆ ಹೆಸರಿಗಿಂತ ವಿಳಾಸ ಮುಖ್ಯ. ಕಳ್ಳನಿಗೆ ಹೆಸರು ಕಟ್ಟಿಕೊಂಡು ಏನಾಗಬೇಕು, ಬಾಗಿಲು ಗೊತ್ತಾದರೆ ಆಯಿತು. ಬೆನ್ನು ಬಿದ್ದ ಒಬ್ಬ ವ್ಯಕ್ತಿಯಿಂದ ತಪ್ಪಿಸಿಕೊಳ್ಳಬೇಕಿದ್ದರೆ ಕೆಳಗಿನ ಎಲ್ಲ ಹೆಜ್ಜೆಗಳೂ ಬೇಕು. ಸರ್ಕಾರದಿಂದಲೇ ಮರೆಯಾಗಬೇಕಾದ ಪರಿಸ್ಥಿತಿ ಇದ್ದರೆ ಈ ಬರಹ ಸಾಲದು. ನಿಮ್ಮ ಇಮೇಲ್, ಐಪಿ ವಿಳಾಸ (ನಿಮ್ಮ ಇಂಟರ್‌ನೆಟ್ ಸಂಪರ್ಕದ ಸಂಖ್ಯೆ) ಸೈಟಿನವರ ಹತ್ತಿರ ಇದ್ದೇ ಇರುತ್ತವೆ. ಕಾನೂನು ಪ್ರಕಾರ ಕೇಳಿದರೆ ಅವರು ಕೊಡಬೇಕಾಗುತ್ತದೆ.

ಮುಚ್ಚಿಡುವಂಥದ್ದು ನನ್ನ ಹತ್ತಿರ ಏನಿದೆ ಅನ್ನುವವರು 2010ರ ಈ ಘಟನೆ ನೋಡಿ. ಜುಲೈ 6ರಂದು ಬ್ಲಿಜಾರ್ಡ್ ಎಂಬ ಗೇಮ್ ಕಂಪನಿ, ಇನ್ನು ಮುಂದೆ ಆಟಗಾರರು ತನ್ನ ಚರ್ಚಾ ತಾಣಗಳಲ್ಲಿ ನಿಜವಾದ ಹೆಸರಲ್ಲೇ ಬರೆಯಬೇಕು ಎಂದು ಹೇಳಿತು. ಇದರಿಂದ ಏನೂ ಆಗುವುದಿಲ್ಲ ಅಂತ ತೋರಿಸಲು ನೌಕರನೊಬ್ಬ ತನ್ನ ನಿಜವಾದ ಹೆಸರು ಹಾಕಿದ. ನೋಡನೋಡುತ್ತಲೇ ಅವನ ಫೋನ್ ನಂಬರ್, ವಿಳಾಸ ಎಲ್ಲ ಹೊರಬಂದವು. ಜುಲೈ 9ರಂದು ಕಂಪನಿ ಆ ಯೋಜನೆ ಕೈಬಿಟ್ಟಿತು.

ಹೆಜ್ಜೆ 2: ಹವ್ಯಾಸ ಇದಕ್ಕೆ ಒಪ್ಪುತ್ತದೆಯೇ ನೋಡಿ

ಕೆಲವು ಹವ್ಯಾಸಗಳಲ್ಲಿ ಅಡ್ಡಹೆಸರು ನಡೆಯುವುದಿಲ್ಲ. ಹ್ಯಾಮ್ ರೇಡಿಯೊದಲ್ಲಿ, ಅಂದರೆ ಹವ್ಯಾಸಿಗಳ ರೇಡಿಯೊದಲ್ಲಿ, ಲೈಸೆನ್ಸ್ ಜತೆ ಸಿಕ್ಕ ಗುರುತಾದ ಕಾಲ್‌ಸೈನ್ ಹೇಳದೆ ಮಾತಾಡುವಂತಿಲ್ಲ. ಅಮೆರಿಕದಲ್ಲಿ ಆ ಕಾಲ್‌ಸೈನ್ ಹಾಕಿ ಹುಡುಕಿದರೆ ಲೈಸೆನ್ಸ್ ಪಡೆದವರ ಹೆಸರು, ವಿಳಾಸ ಸರ್ಕಾರಿ ದಾಖಲೆಯಲ್ಲಿ ಸಿಗುತ್ತದೆ. ಚೆಸ್‌ನಲ್ಲಿ ಅಂತರರಾಷ್ಟ್ರೀಯ ಚೆಸ್ ಸಂಸ್ಥೆ ಫಿಡೆಯ ರೇಟಿಂಗ್ ಕೂಡ ಅಸಲಿ ಹೆಸರಿಗೇ. ಇಂಥ ಕಡೆ ನಿಜವಾದ ಹೆಸರಲ್ಲೇ ಇರಿ. ಆದರೆ ಆ ಕಾಲ್‌ಸೈನ್ ಅನ್ನು ಇನ್ನೊಂದು ಹವ್ಯಾಸಕ್ಕೆ ಐಡಿ ಮಾಡಿಕೊಳ್ಳಬೇಡಿ.

ಹೆಜ್ಜೆ 3: ಅಡ್ಡಹೆಸರು ಆರಿಸಿ

ಹುಟ್ಟಿದ ವರ್ಷ ಬೇಡ, ಊರು ಬೇಡ, ಕೆಲಸ ಬೇಡ. ಶಾಲೆಯಲ್ಲಿ ಗೆಳೆಯರು ಕರೆಯುತ್ತಿದ್ದ ಹೆಸರಂತೂ ಬೇಡವೇ ಬೇಡ. ಮುಖ್ಯವಾಗಿ, ಹಿಂದೆ ಎಲ್ಲಾದರೂ ಬಳಸಿದ ಹೆಸರನ್ನು ಮತ್ತೆ ತರಬೇಡಿ. ಷರ್ಲಾಕ್ ಎಂಬ ಉಚಿತ ಪ್ರೋಗ್ರಾಮ್ ಇದೆ. ಒಂದು ಐಡಿ ಕೊಟ್ಟರೆ ಅದೇ ಹೆಸರಿನ ಖಾತೆ ಬೇರೆ ಯಾವ ಸೈಟುಗಳಲ್ಲಿದೆ ಅಂತ ನೂರಾರು ಕಡೆ ನೋಡಿ ಹೇಳುತ್ತದೆ. ಕಾಲೇಜಿನಲ್ಲಿದ್ದಾಗ ಮಾಡಿ ಮರೆತ ಖಾತೆಯೊಂದು ಅಲ್ಲಿ ಸಿಕ್ಕಿದರೆ ಗೋಡೆ ಕಟ್ಟುವ ಮೊದಲೇ ಬಿತ್ತು.

ಯೋಚಿಸಿದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಬೇರೆ ಯಾರೋ ಆ ಹೆಸರಲ್ಲಿ ಹೆಸರು ಮಾಡಿದ್ದರೆ ಬಿಟ್ಟುಬಿಡಿ. ತೀರಾ ತಮಾಷೆಯ ಹೆಸರೂ ಬೇಡ ಅನ್ನುವುದು ನನ್ನ ಅಭಿಪ್ರಾಯ. ಐದು ವರ್ಷ ಆದಮೇಲೆ ಯಾರೋ ಗಂಭೀರ ಸಲಹೆ ಕೇಳಲು ಬಂದಾಗ ಆ ಹೆಸರಿನಿಂದಲೇ ಉತ್ತರ ಕೊಡಬೇಕು. ರೆಡ್ಡಿಟ್‌ನಂಥ ಚರ್ಚಾ ತಾಣದಲ್ಲಿ ಒಮ್ಮೆ ಇಟ್ಟುಕೊಂಡ ಹೆಸರನ್ನು ಬದಲಿಸಲೂ ಆಗುವುದಿಲ್ಲ.

ಹೆಜ್ಜೆ 4: ಹಿಂಬಾಗಿಲುಗಳನ್ನು ಮುಚ್ಚಿ

ಹೊಸ ಹೆಸರಿಗೆ ಹೊಸ ಇಮೇಲ್ ಬೇಕು. ಜಿಮೇಲ್ ವಿಳಾಸದ ನಡುವೆ ಪ್ಲಸ್ ಚಿಹ್ನೆ ಹಾಕಿ ಬೇರೆ ವಿಳಾಸ ಮಾಡಿಕೊಂಡೆ ಅಂದುಕೊಳ್ಳುವವರಿದ್ದಾರೆ. ಪ್ಲಸ್‌ನ ಹಿಂದೆ ಅಸಲಿ ವಿಳಾಸ ಹಾಗೇ ಕಾಣುತ್ತಿರುತ್ತದೆ. ಫೈರ್‌ಫಾಕ್ಸ್ ರಿಲೇ, ಸಿಂಪಲ್‌ಲಾಗಿನ್, ಆಪಲ್‌ನ ಇಮೇಲ್ ಮರೆಮಾಡುವ ಸೌಲಭ್ಯ, ಇವು ಬೇರೆಯದೇ ವಿಳಾಸ ಕೊಟ್ಟು ನಿಜವಾಗಿ ಮುಚ್ಚುತ್ತವೆ. ಇನ್ನೊಂದು ಗ್ರಾವತಾರ್. ಒಂದು ಇಮೇಲ್‌ಗೆ ಒಂದು ಚಿತ್ರ ಜೋಡಿಸುವ ಸೇವೆ ಇದು. ಅದೇ ಇಮೇಲ್ ಎಲ್ಲಿ ಬಳಸಿದರೂ, ಆ ಸೈಟು ಗ್ರಾವತಾರ್ ಬಳಸುತ್ತಿದ್ದರೆ ನಿಮ್ಮ ಹಳೇ ಫೋಟೊ ತಾನಾಗೇ ಬಂದು ಕೂರುತ್ತದೆ.

ಫೋನ್ ನಂಬರ್ ಕೊಡದೆ ಸೇರಲು ಆಗುವುದಾದರೆ ಹಾಗೇ ಸೇರಿ. ವಾಟ್ಸಾಪ್ ಗುಂಪಿನಲ್ಲಿ ನಿಮ್ಮ ನಂಬರ್ ಇತರ ಸದಸ್ಯರಿಗೆ ಕಾಣುತ್ತದೆ. ಹಾಗಾಗಿ ಅಡ್ಡಹೆಸರಿನ ಬದುಕಿಗೆ ಅದು ಸರಿಹೊಂದುವ ಜಾಗವಲ್ಲ. ಟೆಲಿಗ್ರಾಂನಲ್ಲಿ ನಂಬರ್ ಯಾರಿಗೂ ಕಾಣದಂತೆ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು. ಯಾವ ಆ್ಯಪ್ ಆದರೂ "ನಿಮ್ಮ ಗೆಳೆಯರನ್ನು ಹುಡುಕೋಣವೇ" ಅಂತ ಕೇಳಿ ಕಾಂಟ್ಯಾಕ್ಟ್ಸ್ ಬೇಡಿದರೆ ಬೇಡ ಅನ್ನಿ. ಇಲ್ಲದಿದ್ದರೆ ನಿಮ್ಮ ಅಡ್ಡಹೆಸರು ಚಿಕ್ಕಪ್ಪನ ಫೋನಿನಲ್ಲಿ "ನಿಮಗೆ ಪರಿಚಯ ಇರಬಹುದು" ಅಂತ ಕಾಣಿಸಿಕೊಂಡೀತು.

ಗೂಗಲ್ ಶೀಟ್‌ನಲ್ಲಿ ಸಂಗ್ರಹದ ಪಟ್ಟಿ ಮಾಡಿ ಗುಂಪಿಗೆ ಲಿಂಕ್ ಕೊಡುತ್ತೀರಾ? ಆ ಫೈಲಿನ ಒಡೆಯರ ಹೆಸರು ಬೇರೆಯವರಿಗೆ ಕಾಣಬಹುದು. ಪ್ರೋಗ್ರಾಮಿಂಗ್ ಹವ್ಯಾಸದವರು ನೆನಪಿಡಿ, ಗಿಟ್‌ನ ಪ್ರತಿ ಕಮಿಟ್‌ನಲ್ಲೂ ಹೆಸರು, ಇಮೇಲ್ ಕೂತಿರುತ್ತವೆ. ಇಮೇಲ್ ಮುಚ್ಚಿಡಲು ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲೇ ಆಯ್ಕೆ ಇದೆ. ವರ್ಡ್, ಪಿಡಿಎಫ್ ಫೈಲುಗಳಲ್ಲಿ ಲೇಖಕರ ಹೆಸರಿನ ಜಾಗ ತಾನಾಗೇ ತುಂಬಿರುತ್ತದೆ. ಇವೆಲ್ಲಕ್ಕೂ ಸುಲಭದ ಪರಿಹಾರ ಅಂದರೆ, ಅಡ್ಡಹೆಸರಿಗೆ ಬ್ರೌಸರ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿ, ಆ ಕೆಲಸವನ್ನೆಲ್ಲ ಅಲ್ಲೇ ಮಾಡುವುದು.

ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಬೇರೆ ಕಂಪ್ಯೂಟರಿನ ಮೂಲಕ ಸಾಗಿಸುವ ವಿಪಿಎನ್ ಬಗ್ಗೆ ಕೇಳುತ್ತೀರಿ. ಐಪಿ ವಿಳಾಸ ಮುಚ್ಚುತ್ತದೆ, ಅಷ್ಟೇ. ಗುಂಪಿನ ಸಾಮಾನ್ಯ ಸದಸ್ಯರಿಗೆ ನಿಮ್ಮ ಐಪಿ ಹೇಗೂ ಕಾಣುವುದಿಲ್ಲ. ಅದಕ್ಕೆ ದುಡ್ಡು ಕೊಟ್ಟು ನೆಮ್ಮದಿಯಾಗಿ ಕೂತವರು ಮುಂದಿನ ಹೆಜ್ಜೆಯಲ್ಲಿ ಎಡವುತ್ತಾರೆ.

ಹೆಜ್ಜೆ 5: ಫೋಟೊ ಹಾಕುವ ಮೊದಲು

ಹವ್ಯಾಸದ ಗುಂಪುಗಳಲ್ಲಿ ಗುಟ್ಟು ರಟ್ಟಾಗುವುದು ಹೆಚ್ಚಾಗಿ ಹ್ಯಾಕರ್‌ಗಳಿಂದಲ್ಲ, ನಮ್ಮದೇ ಉತ್ಸಾಹದಿಂದ. ಹೊಸ ಲೆನ್ಸ್ ಬಂತು, ಕಿಟಕಿ ಪಕ್ಕ ಇಟ್ಟು ಫೋಟೊ ತೆಗೆದು ಹಾಕಿದ್ದಾಯಿತು. ಆ ಫೋಟೊದೊಳಗೆ ಏನೇನಿದೆ?

ಮೊದಲನೆಯದು ಎಕ್ಸಿಫ್. ಫೋಟೊ ತೆಗೆದ ದಿನ, ಹೊತ್ತು, ಕ್ಯಾಮೆರಾ ಮಾದರಿ, ಲೊಕೇಶನ್ ಆನ್ ಇದ್ದರೆ ಜಾಗದ ಅಕ್ಷಾಂಶ ರೇಖಾಂಶ, ಎಲ್ಲವೂ ಫೈಲಿನೊಳಗೆ ಬರೆದಿರುತ್ತವೆ. 2012ರಲ್ಲಿ ಆಂಟಿವೈರಸ್ ಕಂಪನಿ ಕಟ್ಟಿದ ಜಾನ್ ಮೆಕಾಫಿ ಪೊಲೀಸರಿಂದ ತಲೆಮರೆಸಿಕೊಂಡಿದ್ದಾಗ ಪತ್ರಿಕೆಯೊಂದು ಅವರ ಫೋಟೊ ಹಾಕಿತು. ಅದರ ಎಕ್ಸಿಫ್‌ನಲ್ಲಿದ್ದ ಜಿಪಿಎಸ್ ಅಂಕಿಗಳಿಂದ ಅವರು ಗ್ವಾಟೆಮಾಲಾದಲ್ಲಿದ್ದಾರೆ ಅಂತ ಜಗತ್ತಿಗೇ ಗೊತ್ತಾಯಿತು. ದೊಡ್ಡ ಸಾಮಾಜಿಕ ಜಾಲತಾಣಗಳು ಈ ಮಾಹಿತಿಯನ್ನು ಸಾಮಾನ್ಯವಾಗಿ ಕಿತ್ತುಹಾಕುತ್ತವೆ. ಹಳೇ ಕಾಲದ ಸಣ್ಣ ಸೈಟುಗಳು ಹಾಗೇ ಬಿಡಬಹುದು. ಟೆಲಿಗ್ರಾಂ, ವಾಟ್ಸಾಪ್‌ಗಳಲ್ಲಿ ಫೋಟೊವನ್ನು 'ಡಾಕ್ಯುಮೆಂಟ್' ಆಗಿ ಕಳಿಸಿದರೂ ಮಾಹಿತಿ ಹಾಗೇ ಹೋಗುತ್ತದೆ. ಗುಣಮಟ್ಟ ಕೆಡಬಾರದು ಅಂತ ಫೋಟೊಗ್ರಫಿ ಗುಂಪಿನವರು ಕಳಿಸುವುದೇ ಹಾಗೆ!

ಇದಕ್ಕೆ ಹೀಗೆ ಮಾಡಿ. ಫೋನಿನ ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಲೊಕೇಶನ್ ಆಫ್ ಮಾಡಿ. ವಿಂಡೋಸ್‌ನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದು, ಡೀಟೇಲ್ಸ್‌ಗೆ ಹೋದರೆ ವೈಯಕ್ತಿಕ ಮಾಹಿತಿ ತೆಗೆಯುವ ಲಿಂಕ್ ಕೆಳಗೇ ಇದೆ. ಐಫೋನ್‌ನಲ್ಲಿ ಶೇರ್ ಮಾಡುವಾಗ ಮೇಲಿರುವ ಆಪ್ಷನ್ಸ್ ಒತ್ತಿ ಲೊಕೇಶನ್ ತೆಗೆಯಬಹುದು. ಕಂಪ್ಯೂಟರ್‌ನಲ್ಲಿ ರಾಶಿ ಫೋಟೊ ಇದ್ದರೆ ಎಕ್ಸಿಫ್‌ಟೂಲ್ ಎಂಬ ಪ್ರೋಗ್ರಾಮ್ ಸಾಕು. ಹಲವು ಕ್ಯಾಮೆರಾಗಳು ತಮ್ಮ ಸೀರಿಯಲ್ ನಂಬರನ್ನೂ ಬರೆಯುತ್ತವೆ. ಅದೇ ಕ್ಯಾಮೆರಾದ ಫೋಟೊ ನಿಜವಾದ ಹೆಸರಲ್ಲೂ ಹಾಕಿದ್ದರೆ ಎರಡೂ ಹೆಸರು ಒಂದಾದಂತೆ.

ಎರಡನೆಯದು ಚಿತ್ರದಲ್ಲಿ ಕಾಣುವುದು. ಕಿಟಕಿಯಾಚೆಯ ಕಟ್ಟಡ, ಪಾರ್ಸೆಲ್ ಮೇಲಿನ ಚೀಟಿ, ಗಡಿಯಾರದ ಗಾಜಿನಲ್ಲಿ ಕಾಣುವ ನಿಮ್ಮ ಮುಖ. ಜಪಾನಿನಲ್ಲಿ 2019ರಲ್ಲಿ ಬೆಳಕಿಗೆ ಬಂದ ಪ್ರಕರಣವೊಂದರಲ್ಲಿ, ಗಾಯಕಿಯೊಬ್ಬರ ಸೆಲ್ಫಿಯಲ್ಲಿ ಕಣ್ಣಿನೊಳಗೆ ಬಿದ್ದಿದ್ದ ರೈಲು ನಿಲ್ದಾಣದ ಪ್ರತಿಬಿಂಬವನ್ನು ಗೂಗಲ್ ಸ್ಟ್ರೀಟ್ ವ್ಯೂ ಜತೆ ಹೋಲಿಸಿ ಒಬ್ಬ ಅವರ ಮನೆಯ ದಾರಿ ಹಿಡಿದಿದ್ದ. ವಸ್ತುಗಳ ಫೋಟೊಗೆ ಒಂದು ಬಟ್ಟೆ ಅಥವಾ ಹಲಗೆ ಹಿಂದೆ ಇಟ್ಟು ಹತ್ತಿರದಿಂದ ತೆಗೆಯಿರಿ. ಮುಚ್ಚಬೇಕಾದ ಅಕ್ಷರಗಳಿಗೆ ಮಸುಕು ಮಾಡುವ ಬ್ರಷ್ ಬಳಸಬೇಡಿ, ಗಟ್ಟಿ ಕಪ್ಪು ಚೌಕ ಹಾಕಿ. ಕ್ರಾಪ್ ಮಾಡಿದೆ, ಆಯಿತು ಅಂತಲೂ ಅಂದುಕೊಳ್ಳಬೇಡಿ. ಗೂಗಲ್ ಪಿಕ್ಸೆಲ್ ಫೋನಿನಲ್ಲಿ ಕ್ರಾಪ್ ಮಾಡಿದ ಸ್ಕ್ರೀನ್‌ಶಾಟ್‌ಗಳಿಂದ ಕತ್ತರಿಸಿದ ಭಾಗವನ್ನೂ ವಾಪಸ್ ತೆಗೆಯಬಹುದು ಅಂತ 2023ರಲ್ಲಿ ಗೊತ್ತಾಯಿತು. ಮುಂದಿನದಕ್ಕೆ ತಿದ್ದುಪಡಿ ಬಂತು. ಆಗಲೇ ಹಾಕಿದ್ದ ಚಿತ್ರಗಳನ್ನು ತಿದ್ದುವವರು ಯಾರು?

ಓಟ, ಸೈಕಲ್, ಚಾರಣದವರದು ಬೇರೆ ಕಷ್ಟ. ಅವರ ಹವ್ಯಾಸವೇ ನಕ್ಷೆ. ಸ್ಟ್ರಾವಾ ಆ್ಯಪ್ ಜನ ಓಡಿದ ಜಾಗಗಳ ಜಾಗತಿಕ ನಕ್ಷೆಯೊಂದನ್ನು 2017ರಲ್ಲಿ ಬಿಡುಗಡೆ ಮಾಡಿತ್ತು. ಅದರಲ್ಲಿ ಒಬ್ಬರ ಹೆಸರೂ ಇರಲಿಲ್ಲ. ಆದರೂ 2018ರ ಜನವರಿಯಲ್ಲಿ ಜನ ಗಮನಿಸಿದಾಗ, ಮರುಭೂಮಿಯ ನಡುವೆ ಸೇನಾ ನೆಲೆಗಳ ಸುತ್ತ ಸೈನಿಕರು ಓಡಿದ ಗೆರೆಗಳು ಹೊಳೆಯುತ್ತಿದ್ದವು. ನೀವು ಮಾಡಬೇಕಾದ್ದು: ಓಟದ ಶುರು ಮತ್ತು ಕೊನೆಯನ್ನು ಮುಚ್ಚುವ ಆಯ್ಕೆ ಹಾಕಿ. ಹೋದ ದಾರಿ ದಾಖಲಾಗಿರುವ ಜಿಪಿಎಕ್ಸ್ ಫೈಲನ್ನು ಗುಂಪಿಗೆ ಕೊಡುವುದಾದರೆ ಎರಡೂ ತುದಿಗಳನ್ನು ನೀವೇ ಕತ್ತರಿಸಿ, ಯಾಕೆಂದರೆ ಮುಚ್ಚಿದ್ದು ಪರದೆಯ ಮೇಲೆ ಮಾತ್ರ. ನೀವು ಇಳಿಸಿಕೊಂಡ ಫೈಲಿನಲ್ಲಿ ಪೂರ್ತಿ ದಾರಿ ಇರುತ್ತದೆ.

ಹಕ್ಕಿ, ಚಿಟ್ಟೆ, ಗಿಡ ನೋಡುವವರಿಗೆ, ಕಂಡ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ತಾಣದಲ್ಲಿ ಜಾಗವನ್ನು ಮಸುಕು ಮಾಡುವ ಆಯ್ಕೆ ಇದೆ. ನಿಜವಾದ ಬಿಂದುವಿನ ಬದಲು 0.2 ಡಿಗ್ರಿ ಉದ್ದಗಲದ ಚೌಕದಲ್ಲಿ ಎಲ್ಲೋ ಒಂದು ಬಿಂದು ತೋರಿಸುತ್ತದೆ. ಸಮಭಾಜಕದ ಹತ್ತಿರ ಅದು ಸುಮಾರು 22 ಕಿ.ಮೀ. ಚೌಕ. ಮನೆಯ ಹಿತ್ತಲಿನ ಚಿಟ್ಟೆಯನ್ನು ಮಸುಕು ಮಾಡಿ, ಅದೇ ಹಿತ್ತಲಿನ ಹಲ್ಲಿಯನ್ನು ಹಾಗೇ ಬಿಟ್ಟರೆ ಪ್ರಯೋಜನವಿಲ್ಲ. ಮಾಡುವುದಾದರೆ ಆ ಜಾಗದ್ದೆಲ್ಲವನ್ನೂ ಮಾಡಿ. ಅಂದಹಾಗೆ, ಯಾವ ಜಾಗದ್ದೇ ಇರಲಿ, ಅಲ್ಲಿಂದ ಬಂದ ಮೇಲೆ ಫೋಟೊ ಹಾಕುವುದು ಒಳ್ಳೆಯ ಅಭ್ಯಾಸ.

ಹೆಜ್ಜೆ 6: ಮಾತಿನಲ್ಲಿ ಸೋರುವುದು

ಹನಿ ಹನಿ ಕೂಡಿದರೆ ಹಳ್ಳ. ಒಂದು ದಿನ ಮಳೆ ಅಂದಿರಿ, ಇನ್ನೊಂದು ದಿನ ಮಗಳ ಪರೀಕ್ಷೆ ಅಂದಿರಿ, ಮತ್ತೊಮ್ಮೆ ರಾತ್ರಿ ಪಾಳಿ ಅಂದಿರಿ. ಬಿಡಿಬಿಡಿಯಾಗಿ ಯಾವುದೂ ಗುಟ್ಟಲ್ಲ. ಲಾಟನ್ಯಾ ಸ್ವೀನಿ ಎಂಬ ಸಂಶೋಧಕಿ 2000ದಲ್ಲಿ ತೋರಿಸಿದ ಲೆಕ್ಕದ ಪ್ರಕಾರ, ಪಿನ್‌ಕೋಡ್‌ನಂಥ ಅಂಚೆ ಸಂಖ್ಯೆ, ಹುಟ್ಟಿದ ದಿನಾಂಕ, ಗಂಡೋ ಹೆಣ್ಣೋ, ಈ ಮೂರೇ ಮಾಹಿತಿ ಸಾಕು, ಅಮೆರಿಕದ 87 ಶೇಕಡಾ ಜನರನ್ನು ಒಬ್ಬೊಬ್ಬರಾಗಿ ಗುರುತಿಸಲು.

ಹವ್ಯಾಸಿಗಳಿಗೆ ಇದಕ್ಕಿಂತ ತಾಗುವ ಉದಾಹರಣೆ ನೆಟ್‌ಫ್ಲಿಕ್ಸ್‌ನದು. 2006ರಲ್ಲಿ ಆ ಕಂಪನಿ ಒಂದು ಸ್ಪರ್ಧೆಗಾಗಿ ಸುಮಾರು 4 ಲಕ್ಷ 80 ಸಾವಿರ ಗ್ರಾಹಕರು ಸಿನಿಮಾಗಳಿಗೆ ಕೊಟ್ಟ 10 ಕೋಟಿ ರೇಟಿಂಗ್‌ಗಳನ್ನು ಹೆಸರು ತೆಗೆದು ಬಿಡುಗಡೆ ಮಾಡಿತು. ಅರವಿಂದ್ ನಾರಾಯಣನ್ ಮತ್ತು ವಿಟಾಲಿ ಶ್ಮಾಟಿಕೊವ್ ಎಂಬ ಸಂಶೋಧಕರು ಅದನ್ನು ಐಎಂಡಿಬಿ ಎಂಬ ಸಿನಿಮಾ ತಾಣದಲ್ಲಿ ಜನ ಬಹಿರಂಗವಾಗಿ ಕೊಟ್ಟಿದ್ದ ರೇಟಿಂಗ್‌ಗಳ ಜತೆ ಹೋಲಿಸಿ ಕೆಲವರನ್ನು ಗುರುತಿಸಿದರು. ಒಬ್ಬರ ಎಂಟು ರೇಟಿಂಗ್ ಗೊತ್ತಿದ್ದರೆ ಸಾಕು. ಅದರಲ್ಲಿ ಎರಡು ಪೂರ್ತಿ ತಪ್ಪಿರಬಹುದು, ದಿನಾಂಕ 14 ದಿನ ಹಿಂದುಮುಂದಾಗಿರಬಹುದು. ಆದರೂ 99 ಶೇಕಡಾ ದಾಖಲೆಗಳು ಯಾವುದು ಅಂತ ಖಚಿತವಾಗಿ ಸಿಗುತ್ತಿದ್ದವು.

ಅಂದರೆ ನಿಮ್ಮ ರುಚಿಯೇ ನಿಮ್ಮ ಗುರುತು. ಓದಿದ ಪುಸ್ತಕಗಳ ಪಟ್ಟಿ, ನಾಣ್ಯಗಳ ಪಟ್ಟಿ, ಆಡಿದ ಗೇಮ್‌ಗಳ ಪಟ್ಟಿ, ಯಾವುದನ್ನೂ ಎರಡು ಹೆಸರುಗಳ ಕೆಳಗೆ ಹಾಕಬೇಡಿ. ಪಟ್ಟಿ ಯಾವ ಹೆಸರಿಗೆ ಸೇರಿದ್ದು ಅಂತ ಮೊದಲೇ ತೀರ್ಮಾನಿಸಿ.

ಬರೆಯುವ ಹೊತ್ತೂ ಸುಳಿವು ಕೊಡುತ್ತದೆ. ಬಿಟ್‌ಕಾಯಿನ್ ಹುಟ್ಟುಹಾಕಿದ ಸತೋಶಿ ನಕಾಮೊಟೊ ಯಾರು ಅಂತ ಇನ್ನೂ ಖಚಿತವಾಗಿಲ್ಲ. ಆದರೆ ಅವರ 500ಕ್ಕೂ ಹೆಚ್ಚು ಬರಹಗಳ ಹೊತ್ತನ್ನು ಒಬ್ಬರು ಗುರುತು ಹಾಕಿ ನೋಡಿದಾಗ, ಗ್ರೀನ್‌ವಿಚ್ ಸಮಯ ಬೆಳಗಿನ 5ರಿಂದ 11ರವರೆಗೆ ಹೆಚ್ಚುಕಡಿಮೆ ಏನೂ ಇರಲಿಲ್ಲ. ಅದು ಅವರ ನಿದ್ದೆಯ ಹೊತ್ತಿರಬೇಕು ಅಂತ ಜನ ಊಹಿಸಿದರು. ಇಷ್ಟರ ಮಟ್ಟಿಗೆ ಹೆದರಬೇಕಿಲ್ಲ. ಯಾರೋ ಬೆನ್ನು ಬಿದ್ದಿದ್ದಾರೆ ಅಂತಿದ್ದರೆ ಮಾತ್ರ ಬರೆದಿಟ್ಟು ಬೇರೆ ಹೊತ್ತಿಗೆ ಹಾಕಿ.

ಸುಳ್ಳು ಹೇಳಿ ದಾರಿ ತಪ್ಪಿಸಲೇ ಅಂತ ಕೇಳಬಹುದು. ನಾನು ಬೇಡ ಅನ್ನುತ್ತೇನೆ. ಸುಳ್ಳನ್ನು ನೆನಪಿಟ್ಟುಕೊಳ್ಳುವುದೇ ಒಂದು ಕೆಲಸ, ಸಿಕ್ಕಿಬಿದ್ದರೆ ಗಳಿಸಿದ್ದೆಲ್ಲ ಹೋಯಿತು. ಹೇಳದೆ ಬಿಡುವುದು ಸುಲಭ. "ಮನೆ ಹತ್ತಿರದ ಕೆರೆ" ಅಂದರೆ ಸಾಕು, ಕೆರೆಯ ಹೆಸರು ಯಾಕೆ?

ಹೆಜ್ಜೆ 7: ಹೆಸರು ಮಾಡುವುದು

ಹೊಸ ಐಡಿಯನ್ನು ಯಾರೂ ನಂಬುವುದಿಲ್ಲ ಅಂತ ಬೇಸರ ಮಾಡಿಕೊಳ್ಳಬೇಡಿ. ಎರಿಕ್ ಫ್ರೀಡ್‌ಮನ್, ಪಾಲ್ ರೆಸ್ನಿಕ್ ಎಂಬ ಸಂಶೋಧಕರು 2001ರಲ್ಲಿ ಇದರ ಕಾರಣ ವಿವರಿಸಿದ್ದಾರೆ. ಹೊಸ ಹೆಸರು ಸುಮ್ನೆ ಸಿಗುವ ಕಡೆ, ಕೆಟ್ಟದ್ದು ಮಾಡಿದವನೂ ಹೊಸಬನಾಗಿ ವಾಪಸ್ ಬರಬಹುದು. ಹಾಗಾಗಿ ಗುಂಪು ಎಲ್ಲ ಹೊಸಬರನ್ನೂ ಅನುಮಾನದಿಂದಲೇ ನೋಡಬೇಕಾಗುತ್ತದೆ. ಶುರುವಿನ ಆ ಬೇಸರದ ದಿನಗಳು ನೀವು ಕಟ್ಟುವ ಠೇವಣಿ.

ಕಟ್ಟಿದ ಮೇಲೆ ಅದಕ್ಕೆ ಬೆಲೆ ಇದೆ. ರೆಸ್ನಿಕ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಹಳೇ ಪೋಸ್ಟ್‌ಕಾರ್ಡ್ ಮಾರುವವರೊಬ್ಬರು ಒಂದೇ ಥರದ ಕಾರ್ಡುಗಳನ್ನು ಇಬೇ ಎಂಬ ಆನ್‌ಲೈನ್ ಮಾರುಕಟ್ಟೆಯಲ್ಲಿ ತಮ್ಮ ಹಳೆಯ ಐಡಿಯಿಂದಲೂ ಹೊಚ್ಚಹೊಸ ಐಡಿಗಳಿಂದಲೂ ಮಾರಿದರು. ಹಳೆಯ ಹೆಸರಿಗೆ ಕೊಳ್ಳುವವರು ಸುಮಾರು 8.1 ಶೇಕಡಾ ಜಾಸ್ತಿ ಕೊಡಲು ತಯಾರಿದ್ದರು.

ಗಳಿಸುವುದು ಹೇಗೆ? ಮೊದಲ ಕೆಲವು ವಾರ ಓದಿ. ಯಾವ ಪ್ರಶ್ನೆ ಪದೇಪದೇ ಬರುತ್ತದೆ, ಯಾರ ಮಾತಿಗೆ ತೂಕ ಇದೆ, ಯಾವ ಜಗಳ ಹಳೆಯದು ಅಂತ ತಿಳಿಯುತ್ತದೆ. ಆಮೇಲೆ ಸಣ್ಣ ಪ್ರಶ್ನೆಗಳಿಗೆ ಪೂರ್ತಿ ಉತ್ತರ ಕೊಡಿ. ದೊಡ್ಡ ವಾದಕ್ಕೆ ಇಳಿಯಬೇಡಿ. ನಿಮಗೆ ಹೆಸರಿಲ್ಲದ್ದರಿಂದ ನಿಮ್ಮ ಮಾತಿನ ಜತೆ ಸಾಕ್ಷಿ ಬರಬೇಕು: ಅಳತೆ, ಫೋಟೊ, ಮಾಡಿದ ಕ್ರಮ, ಕೆಟ್ಟುಹೋದ ಪ್ರಯತ್ನ ಕೂಡ. ಗೆದ್ದ ಕೆಲಸ ಎಲ್ಲರೂ ತೋರಿಸುತ್ತಾರೆ. ಬಣ್ಣ ಸುಲಿದ ಮಾಡೆಲ್ ವಿಮಾನದ ಫೋಟೊ ಹಾಕಿ ಯಾಕೆ ಸುಲಿಯಿತು ಅಂತ ಬರೆದವರನ್ನು ಜನ ನೆನಪಿಟ್ಟುಕೊಳ್ಳುತ್ತಾರೆ. ಹೇಳಿದ್ದು ತಪ್ಪಾದರೆ ಅಳಿಸಬೇಡಿ. ಕೆಳಗೆ ತಿದ್ದುಪಡಿ ಬರೆಯಿರಿ.

ಒಂದು ಮಾತ್ರ ಎಂದೂ ಮಾಡಬೇಡಿ: ಇಲ್ಲದ ಪದವಿ ಹೇಳಿಕೊಳ್ಳುವುದು. ವಿಕಿಪೀಡಿಯಾದಲ್ಲಿ ಎಸ್‌ಜೇ ಎಂಬ ಅಡ್ಡಹೆಸರಿನ ಸಂಪಾದಕನಿಗೆ ಬಹಳ ಗೌರವವಿತ್ತು. ತಾನು ಧರ್ಮಶಾಸ್ತ್ರದ ಪ್ರಾಧ್ಯಾಪಕ ಅಂತ ಹೇಳಿಕೊಂಡಿದ್ದ, ವಾದಗಳಲ್ಲಿ ಆ ಪದವಿಯನ್ನು ಮುಂದೆ ಮಾಡಿದ್ದ. 2007ರಲ್ಲಿ ಅವನು 24ರ ಯುವಕ, ಅಂಥ ಯಾವ ಪದವಿಯೂ ಇಲ್ಲ ಅಂತ ಗೊತ್ತಾಯಿತು. ಎಲ್ಲ ಜವಾಬ್ದಾರಿ ಬಿಟ್ಟು ಹೋಗಬೇಕಾಯಿತು. ಹೆಸರು ಮುಚ್ಚಿಟ್ಟಿದ್ದಕ್ಕೆ ಯಾರೂ ಸಿಟ್ಟಾಗಲಿಲ್ಲ. ಸಿಟ್ಟು ಬಂದದ್ದು ಸುಳ್ಳು ಪದವಿಗೆ. ನೀವು ನಿಜವಾಗಿ ವೈದ್ಯರಾಗಿದ್ದರೂ ಅಡ್ಡಹೆಸರಲ್ಲಿ ಅದನ್ನು ಸಾಬೀತು ಮಾಡಲಾಗುವುದಿಲ್ಲ, ಹಾಗಾಗಿ ಹೇಳದೆ ವಾದಿಸಲು ಕಲಿಯಿರಿ.

ಎರಡನೇ ಐಡಿ ಇಟ್ಟುಕೊಳ್ಳಬಹುದೇ? ಬೇರೆ ಹವ್ಯಾಸಕ್ಕೆ, ಬೇರೆ ಖಾಸಗಿ ವಿಷಯಕ್ಕೆ ಇಟ್ಟುಕೊಳ್ಳಿ. ಒಂದೇ ಚರ್ಚೆಯಲ್ಲಿ ಎರಡೂ ಬಾಯಿ ತೆರೆಯುವಂತಿಲ್ಲ. ನಿಮ್ಮ ಮಾತಿಗೆ ನೀವೇ ಲೈಕ್ ಒತ್ತುವಂತಿಲ್ಲ.

ಹೆಜ್ಜೆ 8: ಕೊಡುಕೊಳ್ಳುವಾಗ, ಭೇಟಿಯಾಗುವಾಗ

ಇಲ್ಲಿ ಗೋಡೆಗೆ ಬಾಗಿಲು ಇಡಲೇಬೇಕು. ಪಾರ್ಸೆಲ್‌ಗೆ ವಿಳಾಸ ಬೇಕು, ದುಡ್ಡು ಕಳಿಸಿದರೆ ಹೆಸರು ಕಾಣುತ್ತದೆ. ಪಾರ್ಸೆಲ್ ತಾವೇ ಹೋಗಿ ತರುವ ಕೇಂದ್ರದ ವಿಳಾಸ ಕೊಡಬಹುದಾದರೆ ಕೊಡಿ. ಮಾರುವಾಗ ವಸ್ತುವಿನ ಪಕ್ಕ ನಿಮ್ಮ ಐಡಿ ಮತ್ತು ಅಂದಿನ ದಿನಾಂಕ ಬರೆದ ಚೀಟಿ ಇಟ್ಟು ಫೋಟೊ ತೆಗೆಯುವುದು ಹಲವು ಗುಂಪುಗಳ ಪದ್ಧತಿ. ಬೇರೆಯವರ ಫೋಟೊ ಕದ್ದು ಮಾರುವವರನ್ನು ಇದು ತಡೆಯುತ್ತದೆ. ವಿನಿಮಯದಲ್ಲಿ ಹೆಸರು ಕಡಿಮೆ ಇರುವವರು ಮೊದಲು ಕಳಿಸಬೇಕು ಅನ್ನುವ ರೂಢಿಯೂ ಇದೆ. ಹೊಸಬರಾಗಿದ್ದರೆ ಒಪ್ಪಿಕೊಳ್ಳಿ, ಆದರೆ ಕಳೆದುಕೊಂಡರೂ ತಡೆದುಕೊಳ್ಳುವಷ್ಟರ ವಸ್ತುವಿನಿಂದ ಶುರು ಮಾಡಿ. ಭೇಟಿ ಜನ ಓಡಾಡುವ ಜಾಗದಲ್ಲಿರಲಿ, ಮನೆಯವರಿಗೆ ಒಬ್ಬರಿಗಾದರೂ ಗೊತ್ತಿರಲಿ.

ಹೆಜ್ಜೆ 9: ಗುಟ್ಟು ಹೊರಬಿದ್ದರೆ

ಯಾರೋ ನಿಮ್ಮ ನಿಜವಾದ ಹೆಸರನ್ನು ಗುಂಪಿನಲ್ಲಿ ಹಾಕಿದರು ಅನ್ನಿ. ಹೌದು ಅಂತಲೂ ಬೇಡ, ಅಲ್ಲ ಅಂತಲೂ ಬೇಡ. ಬಾಯಿ ಬಿಟ್ಟರೆ ಬಣ್ಣಗೇಡು. ಸ್ಕ್ರೀನ್‌ಶಾಟ್ ತೆಗೆದಿಡಿ, ಲಿಂಕ್ ಉಳಿಸಿ, ಮಾಡರೇಟರ್‌ಗೆ ಖಾಸಗಿಯಾಗಿ ಬರೆಯಿರಿ. ಇನ್ನೊಬ್ಬರ ಖಾಸಗಿ ವಿವರ ಹಾಕುವುದನ್ನು ದೊಡ್ಡ ತಾಣಗಳೆಲ್ಲ ನಿಯಮದಲ್ಲೇ ನಿಷೇಧಿಸಿವೆ. ಬೆದರಿಕೆ ಇದ್ದರೆ ಪೊಲೀಸರಿಗೆ ಹೋಗಿ, ಸಾಕ್ಷಿ ಆಗಲೇ ಕೈಯಲ್ಲಿದೆ. ಇನ್ನೊಬ್ಬರ ಗುಟ್ಟು ನಿಮಗೆ ಗೊತ್ತಾದರೂ ಜಗಳದ ಹೊತ್ತಿನಲ್ಲಿ ಅದನ್ನು ಎತ್ತಬೇಡಿ.

ಆಮೇಲೆ ಆಯ್ಕೆ ಎರಡೇ. ಒಂದು, ಗೋಡೆ ಬಿಟ್ಟು ಹೆಸರು ಉಳಿಸಿಕೊಳ್ಳುವುದು: ಹೌದು, ನಾನೇ ಅಂತ ಹೇಳಿ ಅದೇ ಐಡಿಯಲ್ಲಿ ಮುಂದುವರಿಯುವುದು. ಎರಡು, ಹೆಸರು ಬಿಟ್ಟು ಗೋಡೆ ಉಳಿಸಿಕೊಳ್ಳುವುದು: ಸೊನ್ನೆಯಿಂದ ಮತ್ತೆ ಶುರು. ಹಳೆಯ ಗೌರವವನ್ನು ಹೊಸ ಹೆಸರಿಗೆ ಗುಟ್ಟಾಗಿ ಸಾಗಿಸಲು ಬರುವುದಿಲ್ಲ. ಹಳೆಯ ಐಡಿಯಿಂದ ಘೋಷಿಸಿದರೆ ಗೌರವ ಬರುತ್ತದೆ, ಅದರ ಬೆನ್ನಿಗೇ ಹಳೆಯ ಹೆಸರೂ ಬರುತ್ತದೆ. ಸೋರಿದ್ದು ಒಬ್ಬಿಬ್ಬರಿಗೆ ಮಾತ್ರ ಆಗಿದ್ದರೆ ಮೊದಲನೆಯದೇ ವಾಸಿ ಅನ್ನಿಸುತ್ತದೆ. ಬೆನ್ನು ಬಿದ್ದವನಿಗೆ ಗೊತ್ತಾಗಿದ್ದರೆ ಎರಡನೆಯದು.

ಬಿಟ್ಟುಹೋಗುವುದಾದರೆ ಖಾತೆ ಅಳಿಸುವ ಮೊದಲು ಬರಹಗಳನ್ನು ಅಳಿಸಿ. ರೆಡ್ಡಿಟ್‌ನಲ್ಲೂ ಡಿಸ್ಕಾರ್ಡ್‌ನಲ್ಲೂ ಖಾತೆ ಹೋದರೂ ಬರೆದದ್ದು ಉಳಿಯುತ್ತದೆ, ಮೇಲಿನ ಹೆಸರು ಮಾತ್ರ ಹೋಗುತ್ತದೆ. ಖಾತೆಯೇ ಇಲ್ಲವಾದ ಮೇಲೆ ಆ ಬರಹಗಳಿಗೆ ನೀವು ಕೈ ಹಾಕಲಾಗುವುದಿಲ್ಲ. ಮೊದಲು ನಿಮ್ಮ ಡೇಟಾದ ಪ್ರತಿ ಇಳಿಸಿಕೊಂಡು, ಅದರಲ್ಲಿ ಊರು, ಮನೆಯವರು, ಕೆಲಸದ ಹೆಸರು ಬಂದ ಸಾಲುಗಳನ್ನು ಹುಡುಕಿ ಅವನ್ನೇ ಮೊದಲು ತೆಗೆಯಿರಿ. ಯಾರಿಗೋ ಉಪಯೋಗವಾದ ಉತ್ತರಗಳನ್ನು ಅಲ್ಲೇ ಬಿಟ್ಟರೂ ನಡೆಯುತ್ತದೆ.